ದೋಣಿಗಲ್ಲಿನಲ್ಲಿ ನಾನು ರೈಟರಾದದ್ದು

ನನ್ನ ಮೊದಲ ಕತೆ ವಾರಪತ್ರಿಕೆಯಲ್ಲಿ ಅಚ್ಚಾದ ತಿಂಗಳೇ ದೋಣಿಗಲ್ಲಿಗೆ ಹೆಣ್ಣು ನೋಡಲು ಹೊರಟೆವು. ತೊಂಬತ್ತರ ದಶಕ. ನಮ್ಮೂರು ಪಾಳ್ಯದಲ್ಲಿ ಎರಡೆಕರೆ ರಾಗಿ ಹೊಲ ಬಿಟ್ಟರೆ ನನ್ನ ಆಸ್ತಿಯೆಂದರೆ ಆ ಕತೆಯೊಂದೇ. ಆಗಲೇ ಮೂರು ಮನೆಯವರು ಬೇಡವೆಂದಿದ್ದರು. "ಇದೂ ತಪ್ಪಿದ್ರೆ ನಿಂಗೆ ಹೆಣ್ ಹುಡ್ಕಕೆ ನನ್ ಕೈಲಾಗಲ್ಲ ಕಣೋ" ಎಂದು ಸೋದರಮಾವ ಬಸ್ಸಿನಲ್ಲೇ ಶಪಥ ಮಾಡಿದರು. ನಾನು ನಕ್ಕೆ. ಸಾಹಿತಿಗೆ ಹೆಣ್ಣು ಸಿಗುವುದಿಲ್ಲವೇ!

"ನಮ್ ಹುಡ್ಗ ರೈಟರ್ ಕಣ್ರೀ!" ಎಂದರು ಮಾವ, ಜಗಲಿ ಹತ್ತುವ ಮೊದಲೇ.

ಆಹಾ, ಆ ಒಂದು ಪದದ ಮಹಿಮೆ! ಹುಡುಗಿಯ ತಂದೆ ದಡಬಡಿಸಿ ಎದ್ದು, ಹೆಗಲ ಮೇಲಿನ ಟವೆಲಿನಿಂದ ಬೆತ್ತದ ಕುರ್ಚಿ ಒರೆಸಿದರು. ಬೆಳ್ಳಿ ಲೋಟದಲ್ಲಿ ಕಾಫಿ ಬಂತು. ತಟ್ಟೆ ತುಂಬ ಗೋಡಂಬಿ ಬಂತು. ಪಕ್ಕದ ಮನೆಯವರು ಬೇಲಿಯಾಚೆಯಿಂದ ಕೈ ಮುಗಿದರು. ಸಾಹಿತ್ಯಕ್ಕೆ ಇಷ್ಟು ಮರ್ಯಾದೆ ಕೊಡುವ ಊರೂ ಉಂಟೇ ಎಂದು ನನಗೆ ಕಣ್ಣು ತುಂಬಿಬಂತು. ಆ ಕಡೆ ರೈಟರ್ ಅಂದರೆ ಕಾಫಿ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆದು ಕೆಲಸ ಮಾಡಿಸುವವನು ಎಂಬುದು ಈ ಮಹಾಸಾಹಿತಿಗೆ ಹೊಳೆಯಲೇ ಇಲ್ಲ!

"ರೈಟ್ರೇ, ಜನಾನ ಹಿಡಿತದಲ್ಲಿ ಇಟ್ಕಳದು ಕಷ್ಟ ಅಲ್ವಾ?" ಎಂದರು ತಂದೆ.

"ಬಹಳ ಕಷ್ಟ. ಒಂದೊಂದ್ಸಲ ಹೇಳ್ದಂಗೆ ಕೇಳೋದೇ ಇಲ್ಲ" ಎಂದೆ. ಕತೆಯ ಪಾತ್ರಗಳ ಸ್ವಭಾವ ಇವರು ಎಷ್ಟು ಚೆನ್ನಾಗಿ ಬಲ್ಲರು!

"ಈಗ ನಿಮ್ ಕೈಲಿ ಎಷ್ಟ್ ಜನ ಅವ್ರೆ?"

"ಏಳು ಜನ ಇದ್ರು. ಇಬ್ರುನ್ನ ಸಾಯಿಸ್ಬುಟ್ಟೆ."

ಗೋಡಂಬಿ ಹಿಡಿದ ಅವರ ಕೈ ಗಾಳಿಯಲ್ಲೇ ನಿಂತಿತು.

"ಸಾ... ಸಾಯಿಸ್ಬುಟ್ರಾ?"

"ಇನ್ನೇನ್ ಮಾಡ್ಲಿ? ಅದ್ರಲ್ಲೊಬ್ಳು ಮುದುಕಿ. ಯಾವ ಕೆಲ್ಸಕ್ಕೂ ಬರ್ತಿರ್ಲಿಲ್ಲ. ಬಾವಿಗೆ ತಳ್ದೆ. ಎಲ್ರೂ ಭೇಷ್ ಅಂದ್ರು!"

ಅವರು ಕುರ್ಚಿಯ ಹಿಂದೆ ಸರಿದು, "ಏಯ್, ಯಾರಾದ್ರೂ ಬರ್ರೋ!" ಎಂದು ಕೂಗುವುದಕ್ಕೂ ಬಾಗಿಲ ಹಿಂದೆ ಹುಡುಗಿ ಕಿಸಕ್ಕನೆ ನಗುವುದಕ್ಕೂ ಸರಿಹೋಯಿತು.

"ಅಪ್ಪಾ, ಇವ್ರು ಎಸ್ಟೇಟ್ ರೈಟರಲ್ಲ, ಕತೆ ಬರಿಯೋರು! ಆ ಮುದುಕಿ ಕತೆ ನಾನೂ ಓದಿದೀನಿ. ಪಾಪ, ಅವ್ಳುನ್ನ ಸಾಯಿಸ್ಬಾರ್ದಿತ್ತು."

ತಂದೆಗೆ ಹೋದ ಜೀವ ಬಂತು. ನನ್ನದು ಹೋಯಿತು.

"ಬರೀ ಕತೆನಾ?" ಎಂದರು. ಗೋಡಂಬಿ ತಟ್ಟೆ ಮೆಲ್ಲಗೆ ಹಿಂದೆ ಸರಿಯಿತು. ಬೇಲಿಯಾಚೆ ಮುಗಿದಿದ್ದ ಕೈಗಳು ಕೆಳಗಿಳಿದವು. ಮಾವ ಆಗಲೇ ಚಪ್ಪಲಿ ಹುಡುಕುತ್ತಿದ್ದರು.

ಆದರೆ ಹುಡುಗಿ, ಮದುವೆಯಾದರೆ ಇವರನ್ನೇ ಎಂದು ಹಟ ಹಿಡಿದಳು. ತಂದೆ ಒಂದೇ ಷರತ್ತಿನ ಮೇಲೆ ಒಪ್ಪಿದರು: ಅವರ ಪರಿಚಯದ ಎಸ್ಟೇಟಿನಲ್ಲಿ ನಾನು ನಿಜವಾದ ರೈಟರಾಗಬೇಕು!

ಆದೆ. ಈಗ ದಿನಕ್ಕೆ ಅರವತ್ತು ಹೆಸರು ಬರೆಯುತ್ತೇನೆ. ದಾರಿಯುದ್ದಕ್ಕೂ ನಮಸ್ಕಾರ! ಕತೆ ಮಾತ್ರ ಆಮೇಲೆ ಒಂದೂ ಅಚ್ಚಾಗಿಲ್ಲ. ನನ್ನ ಏಕೈಕ ಓದುಗಾರ್ತಿಯಾದ ಹೆಂಡತಿ ಬೆಳಿಗ್ಗೆ ಬುತ್ತಿ ಕೊಡುವಾಗ ತಪ್ಪದೆ ಹೇಳುತ್ತಾಳೆ:

"ರೈಟ್ರೇ, ಹಾಜರಿ ಬರ್ಕಂಡ್ ಬನ್ನಿ. ಯಾರ್ನೂ ಸಾಯಿಸ್ಬುಡ್ಬೇಡಿ!"