ನಂಜುಂಡಣ್ಣನ ಕಪ್ಪು-ಬಿಳುಪು ಕ್ರಿಸ್‌ಮಸ್

ಪ್ರಚಾರವೆಂಬ ವಿದ್ಯೆಯನ್ನು ನಾನು ಯಾವ ಕಾಲೇಜಿನಲ್ಲೂ ಕಲಿತವನಲ್ಲ. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಆಟೋಗೆ ಮೈಕು ಕಟ್ಟಿಕೊಂಡು, ವರ್ತೂರಿನಿಂದ ವೈಟ್‌ಫೀಲ್ಡ್‌ವರೆಗೆ ಕೂಗುತ್ತಾ ಕಲಿತವನು. ಈ ಕಡೆಯ ಅರ್ಧ ಅಂಗಡಿಗಳು ಉದ್ಧಾರವಾಗಿರುವುದು ನನ್ನ ಗಂಟಲಿನಿಂದಲೇ. ಟೆಕ್ ಪಾರ್ಕುಗಳು ಬಂದ ಮೇಲೆ ನನ್ನ ಕಾರ್ಡಿನಲ್ಲಿ ‘ಮೈಕ್ ಸೆಟ್’ ತೆಗೆಸಿ ‘ಪಬ್ಲಿಕ್ ರಿಲೇಷನ್ಸ್’ ಎಂದು ಹಾಕಿಸಿದೆ. ಶಾಮಿಯಾನ, ಕುರ್ಚಿ ಬಾಡಿಗೆಯ ವಿಷಯವನ್ನು ಹಿಂಬದಿಗೆ ತಳ್ಳಿದೆ, ಸಣ್ಣ ಅಕ್ಷರದಲ್ಲಿ.

ಆ ಡಿಸೆಂಬರಿನಲ್ಲಿ ಪಕ್ಕದ ದೊಡ್ಡ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಮೇಡಂ ನನ್ನನ್ನು ಕರೆಸಿದರು. ಹೊಸ ವರ್ಷದ ಕಾರ್ಯಕ್ರಮ ಪೂರ್ತಿ ನನಗೇ ಒಪ್ಪಿಸುವ ಮನಸ್ಸು ಅವರಿಗಿತ್ತು. ಸ್ಟೇಜು, ಬ್ಯಾನರು, ಐಡಿಯಾ, ಎಲ್ಲವೂ.

“ನಂಜುಂಡಣ್ಣನ ಬೇಕರಿ ಕ್ರಿಸ್‌ಮಸ್ ಸೇಲ್‌ಗೆ ನಿಮ್ದೇ ಪಬ್ಲಿಸಿಟಿ ಅಂತೆ. ಬಂದು ನೋಡ್ತೀನಿ. ಚೆನ್ನಾಗಿದ್ರೆ ನಮ್ಮದೂ ನಿಮಗೇ.”

“ನೋಡಿ ಮೇಡಂ, ಮರೆಯಲ್ಲ ನೀವು,” ಎಂದೆ. ಅವರು ಇಂದಿಗೂ ಮರೆತಿಲ್ಲ.

ನಂಜುಂಡಣ್ಣ ನನ್ನ ಬಾಲ್ಯದ ಗೆಳೆಯ. ಬನ್ನು, ಬೆಣ್ಣೆ ಬಿಸ್ಕತ್ತು ಮಾಡಿಕೊಂಡಿದ್ದವನು ಆ ವರ್ಷ ಮೊದಲ ಬಾರಿಗೆ ಅಪಾರ್ಟ್‌ಮೆಂಟಿನವರಿಗಾಗಿ ಪ್ಲಮ್ ಕೇಕಿಗೆ ಕೈಹಾಕಿದ್ದ. “ಜನ ಬರ್ಬೇಕು ಗುರು, ಅಷ್ಟೇ. ಮಿಕ್ಕಿದ್ದು ನಾನ್ ನೋಡ್ಕೋತೀನಿ,” ಎಂದ.

ನಾನು ಮಾಲ್ ಮುಂದೆ ನಿಂತು ದೊಡ್ಡವರ ಜಾಹೀರಾತುಗಳನ್ನು ಅಧ್ಯಯನ ಮಾಡಿದೆ. ಒಂದು ಗಡಿಯಾರದ ಜಾಹೀರಾತಿತ್ತು. ಕಪ್ಪು-ಬಿಳುಪು ಫೋಟೋ, ಎರಡೇ ಸಾಲು ಅಕ್ಷರ. ಗಡಿಯಾರ ಹುಡುಕಬೇಕು, ಅಷ್ಟು ಚಿಕ್ಕದು. ಜ್ಞಾನೋದಯವಾಯಿತು. ಮೊದಲ ದಿನ ಏನನ್ನೂ ಹೇಳಬಾರದು, ಜನರಿಗೆ ಕುತೂಹಲ ಹುಟ್ಟಿಸಬೇಕು. ಇದಕ್ಕೆ ನಮ್ಮ ಫೀಲ್ಡಿನಲ್ಲಿ ‘ಟೀಸರ್’ ಎನ್ನುತ್ತಾರೆ.

ಫ್ಲೆಕ್ಸ್ ಪ್ರಿಂಟ್ ಮಾಡುವ ಸಲೀಮನ ಅಂಗಡಿಯಲ್ಲಿ ಕೂತು ಮಾಡಿಸಿದೆ. ನಡುವೆ ನಂಜುಂಡಣ್ಣನ ಕಪ್ಪು-ಬಿಳುಪು ಮುಖ. ಸುತ್ತ ಗುಲಾಬಿ ಹೂವಿನ ಅಂಚು. ಕ್ರಿಸ್‌ಮಸ್ ಅಲ್ಲವೇ, ಎರಡೂ ಕಡೆ ಉರಿಯುವ ಮೇಣದಬತ್ತಿ. ಕೆಳಗೆ ಹೆಸರು, ಅದರ ಕೆಳಗೆ ‘ನಾಳೆ ಬೆಳಿಗ್ಗೆ ಹತ್ತಕ್ಕೆ, ಬೇಕರಿ ಬಳಿ’. ಕೇಕಿನ ಸುದ್ದಿಯೇ ಇಲ್ಲ.

ಸಲೀಂ ಒಮ್ಮೆ ಫ್ಲೆಕ್ಸ್ ನೋಡಿದ, ಒಮ್ಮೆ ನನ್ನನ್ನು. “ಅಣ್ಣ, ಮೇಲೆ ‘ಭಾವಪೂರ್ಣ’ ಅಂತ ಏನಾದ್ರೂ ಹಾಕ್ಲಾ?”

“ಜಾಸ್ತಿ ಅಕ್ಷರ ಹಾಕಿದ್ರೆ ಕ್ಲಾಸ್ ಹೋಗ್ಬಿಡುತ್ತೆ ಕಣೋ.”

ಮನೆಗೆ ತಂದಾಗ ಹೆಂಡತಿ ಭಾಗ್ಯ ಕೈಯಲ್ಲಿದ್ದ ಸೌಟು ಕೆಳಗಿಟ್ಟಳು. “ಅಯ್ಯೋ, ಯಾವಾಗ ರೀ?”

“ನಾಳೆ ಹತ್ತಕ್ಕೆ. ಬರ್ದಿದೆ ನೋಡು.”

“ಬೆಳಿಗ್ಗೆ ಹಾಲು ತಗೊಂಡು ಹೋದಾಗ ಚೆನ್ನಾಗೇ ಇದ್ರಲ್ರೀ.”

“ಈಗ್ಲೂ ಚೆನ್ನಾಗೇ ಇದಾನೆ. ಇದು ಟೀಸರ್. ನಿಂಗೆ ಅರ್ಥ ಆಗಲ್ಲ ಬಿಡು.”

ನನ್ನ ಮಟ್ಟಕ್ಕೆ ಬೆಳೆಯದ ಹೆಂಡತಿಯ ಬಗ್ಗೆ ಮರುಕಪಡುತ್ತಲೇ ಹೋಗಿ ಸರ್ಕಲ್ಲು, ಬಸ್‌ಸ್ಟಾಪು, ಹಾಲಿನ ಡೇರಿಗಳ ಮುಂದೆ ಕಟ್ಟಿಬಂದೆ.

ಮರುದಿನ ಹತ್ತಕ್ಕೆ ಬೇಕರಿ ಮುಂದೆ ಕಾಲಿಡಲು ಜಾಗವಿರಲಿಲ್ಲ. ನನ್ನ ವೃತ್ತಿಜೀವನದಲ್ಲಿ ಅಷ್ಟು ಜನ ಸೇರಿದ್ದು ಅದೇ ಮೊದಲು. ಎಲ್ಲರೂ ಬಿಳಿ ಬಟ್ಟೆಯಲ್ಲಿದ್ದರು, ಶಿಸ್ತು ಎಂದುಕೊಂಡೆ. ಹಲವರ ಕೈಯಲ್ಲಿ ಹಾರವಿತ್ತು, ಅಭಿಮಾನ ಎಂದುಕೊಂಡೆ. ಯಾರೂ ನಗುತ್ತಿರಲಿಲ್ಲ. ಅಷ್ಟರಲ್ಲಿ ತಮಟೆಯವರು ಬಂದರು. ನಾನು ಹೇಳಿರಲಿಲ್ಲ.

“ಅಣ್ಣ, ಯಾವ ದಾರೀಲಿ ಎತ್ತೋದು?” ಎಂದು ಅವರಲ್ಲೊಬ್ಬ ಮೆಲ್ಲಗೆ ಕೇಳಿದ.

ಆಗ ನನಗೆ ಹೊಳೆಯಿತು. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಸರ್ಕಲ್ಲಿನಲ್ಲಿ ಕಟ್ಟುವ ಫ್ಲೆಕ್ಸು ಹೀಗೇ ಇರುತ್ತದೆ. ಇದೇ ಹೂವು, ಇದೇ ದೀಪ. ಅಂಥವನ್ನು ನಾನೇ ಎಷ್ಟು ಕಟ್ಟಿಲ್ಲ!

ಮಾಕಳಿಯಿಂದ ನಂಜುಂಡಣ್ಣನ ತಂಗಿ ಗೌರಮ್ಮ ಟೆಂಪೋ ಮಾಡಿಕೊಂಡು, ನೆಂಟರೆಲ್ಲರ ಸಮೇತ ಬಂದಿಳಿದಳು. “ಯಣ್ಣಾ, ಇಂಗೆ ಬಿಟ್ಟೋದ್ಯಲ್ಲೋ!” ಎಂದು ಕೇಕಿನ ಗಾಜಿನ ಪೆಟ್ಟಿಗೆಯನ್ನು ತಬ್ಬಿಕೊಂಡಳು. ಗದ್ದಲ ಕೇಳಿ, ರಾತ್ರಿಯಿಂದ ಫೋನು ಆಫ್ ಮಾಡಿ ಓವನ್ ಮುಂದೆ ನಿಂತಿದ್ದ ನಂಜುಂಡಣ್ಣ ಹೊರಬಂದ. ತಲೆಯಿಂದ ಕಾಲಿನವರೆಗೆ ಮೈದಾ. ಹುಬ್ಬೂ ಬಿಳಿ.

ಗೌರಮ್ಮ ಅಲ್ಲೇ ಕುಸಿದಳು. ತಮಟೆಯವರು ತಮಟೆ ಬಿಟ್ಟು ಓಡಿದರು.

ನೀರು ಚಿಮುಕಿಸಿ, ತಂಗಿಯನ್ನು ಎಬ್ಬಿಸಿ, ಅಣ್ಣನನ್ನು ಮುಟ್ಟಿಸಿ, ಬದುಕಿದ್ದಾನೆಂದು ನಂಬಿಸುವ ಹೊತ್ತಿಗೆ ಸಾಕುಬೇಕಾಯಿತು. ನಂಜುಂಡಣ್ಣ ಎದುರಿನ ಸರ್ಕಲ್ಲಿನಲ್ಲಿದ್ದ ಫ್ಲೆಕ್ಸಿನತ್ತ ಕೈ ತೋರಿಸಿದ.

“ಜನ ಬರ್ಲಿ ಅಂದೆ ಮಗಾ. ಈ ಲೆವೆಲ್ಲಿಗೆ ಕೇಳಿರ್ಲಿಲ್ಲ.”

“ಜನ ಬಂದಿದಾರಲ್ಲ, ಈಗ ಕೇಕ್ ಮಾರು,” ಎಂದೆ. ನನ್ನ ಧೈರ್ಯ ಇನ್ನೂ ಕುಗ್ಗಿರಲಿಲ್ಲ.

ಆದರೆ ಒಬ್ಬರೂ ಕೇಕು ಮುಟ್ಟಲಿಲ್ಲ. ಸಾವಿಗೆಂದು ಹೊರಟು ಬಂದವರು ಸ್ನಾನ ಮಾಡದೆ ಏನನ್ನೂ ಬಾಯಿಗಿಡುವುದಿಲ್ಲ. “ಸತ್ತಿಲ್ಲ ಅನ್ನೋದು ಸರಿನಪ್ಪ, ಆದ್ರೆ ನಾವು ಬಂದಿದ್ದು ಅದಕ್ಕೇ ತಾನೇ?” ಎಂದು ಹಿರಿಯರೊಬ್ಬರು ತೀರ್ಪಿತ್ತರು. ಜನ ಹಾರಗಳನ್ನು ಏನು ಮಾಡಬೇಕೆಂದು ತಿಳಿಯದೆ ನಂಜುಂಡಣ್ಣನ ಕೊರಳಿಗೇ ಹಾಕಿ ಸ್ನಾನಕ್ಕೆ ಹೊರಟರು. ಸೆಕ್ರೆಟರಿ ಮೇಡಂ ಕಾರು ಬಂದು ನಿಂತದ್ದು ಸರಿಯಾಗಿ ಆಗಲೇ. ಗಾಜು ಇಳಿಯಿತು. ಹಾರ ಹೊತ್ತು ನಿಂತ ಬಿಳಿ ಮನುಷ್ಯನನ್ನು ನೋಡಿತು. ಮೇಲೇರಿತು. ಕಾರು ಹೋಯಿತು.

ಸಂಜೆ ಹೊತ್ತಿಗೆ ಮಿಂದು ಮಡಿಯಾದ ಊರೆಲ್ಲಾ, ಸತ್ತು ಬದುಕಿದವನನ್ನು ನೋಡಲು ಮಕ್ಕಳುಮರಿ ಸಮೇತ ಬಂತು. ನೋಡಲು ಬಂದವರು ಬರಿಗೈಲಿ ಹೋಗುತ್ತಾರೆಯೇ? ಕೇಕು ತುಣುಕೂ ಉಳಿಯಲಿಲ್ಲ. “ನನ್ನ ಪ್ಲಾನು ಮೊದಲಿಂದ ಇದೇ,” ಎಂದು ಭಾಗ್ಯಳಿಗೆ ಹೇಳುತ್ತಿದ್ದಾಗ ಮೇಡಂ ಫೋನು ಬಂತು.

“ನಿಮ್ಮ ಕಾರ್ಡ್ ಹಿಂದೆ ಕುರ್ಚಿ ಬಾಡಿಗೆ ಅಂತ ಇದೆಯಲ್ಲ?”

“ಇದೆ ಮೇಡಂ.”

“ಕುರ್ಚಿ ಕಳಿಸಿ. ಐಡಿಯಾ ಬೇಡ.”

ಕೆಲಸ ಎಂದ ಮೇಲೆ ನಾನು ಕಡಿಮೆ ಮಾಡುವವನಲ್ಲ. ಡಿಸೆಂಬರ್ ಮೂವತ್ತೊಂದರಂದು ನಾನೇ ಹೋಗಿ, ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳನ್ನು ದಾರ ಹಿಡಿದಂತೆ ಸಾಲಾಗಿ ಜೋಡಿಸಿದೆ. ಕಣ್ಣು ತುಂಬಿ ಬಂತು. ಜೊತೆಗೆ ಬಂದಿದ್ದ ಭಾಗ್ಯ ದೂರದಲ್ಲಿ ನಿಂತು ನೋಡಿದಳು.

“ಹೆಂಗಿದೆ?” ಎಂದೆ.

“ಚೆನ್ನಾಗಿದೆ ಕಣ್ರೀ,” ಎಂದಳು. “ತಿಥಿ ಊಟಕ್ಕೆ ಹಾಕ್ದಂಗಿದೆ.”