ವಿಶ್ವ ವ್ಯಾಪಾರಕ್ಕೊಂದು ಚಿಲಕ

ರೇಡಿಯೋಗೆ ಬರೆಯುವವರ ಹಣೆಬರಹವೇ ಇಷ್ಟು. ಬರೆಯುವುದು ಒಂದು, ಆಗುವುದು ಇನ್ನೊಂದು. ಇಪ್ಪತ್ತು ವರ್ಷದಿಂದ ದೊಡ್ಡಬಳ್ಳಾಪುರದ ನನ್ನ ಮನೆಯಲ್ಲಿ ಕೂತು ಸ್ಕ್ರಿಪ್ಟ್ ಬರೆಯುತ್ತಿದ್ದೇನೆ. ಬೆಂಗಳೂರಿನ ಸ್ಟುಡಿಯೋದಿಂದ ಫೋನ್ ಬಂತೆಂದರೆ ಏನೋ ಒಂದು ಅವಾಂತರ ಕಾದಿದೆ ಎಂದೇ ಲೆಕ್ಕ. ಈಚಿನದು 'ಸಣ್ಣ ಊರಿನ ಕಾರ್ಖಾನೆ ಮತ್ತು ವಿಶ್ವ ವ್ಯಾಪಾರ' ಎಂಬ ಅರ್ಧ ಗಂಟೆಯ ಕಾರ್ಯಕ್ರಮ.

ಎತ್ತಿನ ಗಂಟೆ

ನಮ್ಮ ನಿರ್ಮಾಪಕರು ದೇವನಹಳ್ಳಿಯ ಕಡೆ ಬಂದಿರುವುದು ವಿಮಾನ ಹತ್ತಲು ಮಾತ್ರ. ಅದರಿಂದಾಚೆ ಇರುವುದೆಲ್ಲ ಅವರ ಲೆಕ್ಕದಲ್ಲಿ ಹಳ್ಳಿ. ಕಾರ್ಯಕ್ರಮದ ಶುರುವಿನಲ್ಲಿ ಕೋಳಿ ಕೂಗಬೇಕು, ಎತ್ತಿನ ಗಂಟೆ ಕೇಳಬೇಕು, ಸಣ್ಣಗೆ ಕೊಳಲು ಬರಬೇಕು ಎಂದರು. ಇದು ಗಾರ್ಮೆಂಟ್ಸ್ ಕಾರ್ಖಾನೆ ಸ್ವಾಮಿ, ಅಲ್ಲಿ ಬೆಳಿಗ್ಗೆ ಕೂಗುವುದು ಕಂಪನಿ ಬಸ್ಸಿನ ಹಾರ್ನು ಎಂದೆ. ಕೇಳುಗರಿಗೆ ಮಣ್ಣಿನ ವಾಸನೆ ಬೇಕು ಎಂದರು. ರೇಡಿಯೋದಲ್ಲಿ ವಾಸನೆ ಹೇಗೆ ಬರುತ್ತದೋ ನನಗೆ ಗೊತ್ತಿಲ್ಲ. ಕೊನೆಗೆ ಹೊಲಿಗೆ ಮಿಷನ್ನಿನ ಸದ್ದಿನ ಮೇಲೆ ಎತ್ತಿನ ಗಂಟೆ ಸೇರಿಸಿ ನನಗೆ ಕಳಿಸಿದರು.

ನನ್ನ ಮನೆಯ ಹಿಂದಿನ ಮನೆಯಲ್ಲಿ ಬಾಡಿಗೆಗೆ ಇರುವಾಕೆ ಅದೇ ಕಾರ್ಖಾನೆಯಲ್ಲಿ ಟೈಲರ್. ಅವಳಿಗೆ ಅದನ್ನು ಕೇಳಿಸಿದೆ. ಪೂರ್ತಿ ಕೇಳಿ, ಗಂಭೀರವಾಗಿ ಕೇಳಿದಳು:

"ಈ ಎತ್ತು ಯಾವ್ ಲೈನಲ್ಲಿ ಕೂತು ಹೊಲಿಯತ್ತೆ ಅಕ್ಕಾ?"

ತಜ್ಞರ ಮಾತು

ವಿಶ್ವ ವ್ಯಾಪಾರ ಎಂದ ಮೇಲೆ ತಜ್ಞರಿಲ್ಲದೆ ಆಗುತ್ತದೆಯೇ? ಒಬ್ಬರನ್ನು ಹಿಡಿದು ತಂದರು. ಮುಕ್ಕಾಲು ಗಂಟೆ ಮಾತಾಡಿದರು. ನಮ್ಮೂರಿನ ಷರ್ಟಿಗೂ ಅಮೆರಿಕಕ್ಕೂ ಏನು ಸಂಬಂಧ ಎಂದು ಎರಡು ಸಲ ಕೇಳಿದೆ. ಎರಡು ಸಲವೂ "ಇದು ಸಂಕೀರ್ಣ ವಿಷಯ" ಎಂದು ನೀರು ಕುಡಿದರು.

ಅದೇ ಪ್ರಶ್ನೆಯನ್ನು ಹಿಂದಿನ ಮನೆಯವಳಿಗೆ ಕೇಳಿದೆ. ಅವಳು ಅವರೆಕಾಯಿ ಸುಲಿಯುತ್ತಲೇ ಹೇಳಿದಳು:

"ಅಲ್ಲಿಯವ್ರು ದಪ್ಪ ಆದ್ರೆ ನಮ್ಗೆ ಹೊಲಿಗೆ ಉದ್ದ ಆಗತ್ತೆ ಅಕ್ಕಾ. ಮೊದ್ಲು ಎಲ್ಲಾ ಮೀಡಿಯಂ ಬರ್ತಿತ್ತು, ಈಗ ಬರೀ ಡಬಲ್ ಎಕ್ಸೆಲ್ಲು. ಗಂಟೆಗೆ ಇಷ್ಟು ಪೀಸ್ ಅನ್ನೋ ಟಾರ್ಗೆಟ್ ಮಾತ್ರ ಅಷ್ಟೇ."

ಇಡೀ ಕಾರ್ಯಕ್ರಮದಲ್ಲಿ ಅರ್ಥವಾಗುವ ಮಾತು ಇದೊಂದೇ ಎಂದು ಖುಷಿಯಿಂದ ಸೇರಿಸಿದೆ. ಅವಳ ವಿದ್ಯಾರ್ಹತೆ ಏನು ಎಂದು ನಿರ್ಮಾಪಕರು ವಿಚಾರಿಸಿದರು. ಏಳನೇ ಕ್ಲಾಸು ಎಂದೆ. ಆದರೂ ಮಾತು ಬಿಡಲು ಅವರಿಗೆ ಮನಸ್ಸಿಲ್ಲ. ಅದನ್ನೇ ಎತ್ತಿ, 'ಗ್ರಾಹಕರ ದೇಹಗಾತ್ರದ ಬದಲಾವಣೆಯಿಂದ ಉತ್ಪಾದನಾ ಸಮಯದ ಮೇಲೆ ಬೀಳುವ ಒತ್ತಡ' ಎಂದು ಮಾಡಿ ತಜ್ಞರ ಬಾಯಿಗೆ ತುರುಕಿದರು. ನಾಚಿಕೆಗೆಟ್ಟ ಕೆಲಸ. ಅವಳಿಗೆ ಓದಿ ಹೇಳಿದರೆ ಅವಳು ಮರುಗಿದಳು.

"ಪಾಪ, ಅವ್ರೂ ಗಾರ್ಮೆಂಟ್ಸಲ್ಲಿ ಇದ್ರಾ?"

ಚಿಲಕ

ರೇಡಿಯೋದಲ್ಲಿ ನಿಮ್ಮ ಕಡೆಯಿಂದ ಏನು ಹೇಳಲಿ ಎಂದು ಅವಳನ್ನು ಕೇಳಿದ್ದೆ. ಹೆಂಗಸರ ಟಾಯ್ಲೆಟ್ಟಿನ ಬಾಗಿಲಿಗೆ ಚಿಲಕವಿಲ್ಲ ಎಂದಳು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಬಾಗಿಲು ಹಿಡಿದು ನಿಲ್ಲಬೇಕು. ಇಬ್ಬರು ಮಿಷನ್ ಬಿಟ್ಟು ಎದ್ದರೆ ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯುತ್ತಾನೆ. ಅದಕ್ಕೇ ಎಷ್ಟೋ ಜನ ಬೆಳಿಗ್ಗೆಯಿಂದ ನೀರೇ ಕುಡಿಯುವುದಿಲ್ಲವಂತೆ. ಕೇಳಿ ನನಗೆ ಮೈಯೆಲ್ಲ ಉರಿದುಹೋಯಿತು. ಅವಳ ಹೆಸರು ಎತ್ತದೆ, ಚಿಲಕದ ಬಗ್ಗೆ ಒಂದು ಸಾಲು ಬರೆದೆ.

ಕಾರ್ಖಾನೆಯೊಳಗೆ ರೆಕಾರ್ಡಿಂಗ್ ಮಾಡಬೇಕಾದರೆ ಸ್ಕ್ರಿಪ್ಟನ್ನು ಮೊದಲು ಅಲ್ಲಿನ ಎಚ್.ಆರ್. ಸಾಹೇಬರಿಗೆ ತೋರಿಸಬೇಕಿತ್ತು. ಅವರು ಚಿಲಕದ ಸಾಲಿಗೆ ಕೆಂಪು ಗೆರೆ ಎಳೆದು, ಇದು ಶುದ್ಧ ಸುಳ್ಳು, ಗುರುವಾರ ಬಂದು ನೋಡಿ ಎಂದರು. ಹೋದೆ. ಬಾಗಿಲಿಗೆ ಹಿತ್ತಾಳೆ ಚಿಲಕ ಫಳಫಳ ಹೊಳೆಯುತ್ತಿತ್ತು. ಸಾಲು ತೆಗೆದೆ. ಸೋಮವಾರ ಹಿಂದಿನ ಮನೆಯವಳು ಬಂದು ಚಿಲಕ ಮಾಯ ಎಂದಳು. ಸಾಲು ಮತ್ತೆ ಸೇರಿಸಿದೆ. ಚಿಲಕ ಮತ್ತೆ ಬಂತು. ತೆಗೆದೆ, ಹೋಯಿತು.

ಮೂರನೇ ಸಲ ಗುಟ್ಟು ಗೊತ್ತಾಯಿತು. ಚಿಲಕ ಸಾಹೇಬರ ಕ್ಯಾಬಿನ್ನಿನದು. ಅದು ಟಾಯ್ಲೆಟ್ಟಿಗೆ ಬಂದ ದಿನ ಅವರ ಬಾಗಿಲಿಗೆ ಫೈಲಿನ ಕಟ್ಟು ಒತ್ತು ಕೊಟ್ಟು ಕೂರುತ್ತಾರೆ. ಹೊಸದೊಂದು ಕೊಂಡರೆ ಏನಾಗುತ್ತದೆ ಎಂದು ಮುಖಕ್ಕೇ ಕೇಳಿದೆ. ಮೂರು ಖಂಡಗಳಿಗೆ ಷರ್ಟು ಕಳಿಸುವ ಕಂಪನಿಯ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಮೂರು ಕೊಟೇಶನ್ ಬೇಕು ಮೇಡಂ. ಹೆಡ್ ಆಫೀಸಿಂದ ಇನ್ನೂ ಅಪ್ರೂವಲ್ ಬಂದಿಲ್ಲ."

ಒಂಬತ್ತನೇ ಡ್ರಾಫ್ಟ್

ಏಳನೇ ಡ್ರಾಫ್ಟಿನ ಹೊತ್ತಿಗೆ ನನಗೂ ಸಾಕಾಗಿತ್ತು. ಸಾಲು ಇಟ್ಟರೆ ಅನುಮತಿ ಇಲ್ಲ, ತೆಗೆದರೆ ಚಿಲಕ ಇಲ್ಲ. ಹಾಳಾಗಲಿ, ಸಾಲು ಬಿಟ್ಟು ಮುಗಿಸಿಬಿಡುತ್ತೇನೆ ಎಂದು ಅವಳಿಗೆ ಹೇಳಿದೆ. ಅವಳ ಮುಖ ಸಪ್ಪಗಾಯಿತು.

"ನೀವು ಬರ್ದಿದ್ದು ರೇಡಿಯೋದಲ್ಲಿ ಬಂದ್ಬಿಟ್ರೆ ಸಾಹೇಬ್ರಿಗೆ ಭಯ ಹೋಗತ್ತೆ, ನಾವು ಮತ್ತೆ ಬಾಗ್ಲು ಹಿಡ್ಕೊಂಡು ನಿಲ್ಬೇಕಲ್ಲ ಅಕ್ಕಾ. ಬರೀತಾ ಇರಿ. ಮುಗಿಸ್ಬೇಡಿ."

ಇಪ್ಪತ್ತು ವರ್ಷದಲ್ಲಿ ನನ್ನ ಬರಹಕ್ಕಾಗಿ ಯಾರಾದರೂ ಇಷ್ಟು ಕಕ್ಕುಲತೆಯಿಂದ ಬೇಡಿಕೊಂಡಿದ್ದು ಇದೇ ಮೊದಲು, ಅದೂ ದಯವಿಟ್ಟು ಪ್ರಸಾರ ಮಾಡಬೇಡಿ ಎಂದು. ಸಾಲು ಇಟ್ಟು ಎಂಟನೇ ಡ್ರಾಫ್ಟ್ ಸಾಹೇಬರಿಗೆ ಕಳಿಸಿದೆ. ಚಿಲಕ ಬಂತು. ಈ ಸಲ ಸಾಲು ತೆಗೆಯಲಿಲ್ಲ, ಇನ್ನೂ ತಿದ್ದುತ್ತಿದ್ದೇನೆ ಎಂದು ತಿಳಿಸಿದೆ. ಚಿಲಕ ಅಲ್ಲೇ ನಿಂತಿತು.

ನಿರ್ಮಾಪಕರು ಫೋನ್ ಮಾಡಿ, ಒಂದು ಸ್ಕ್ರಿಪ್ಟ್ ಮುಗಿಸೋಕೆ ನಿಮ್ಮ ಕೈಲಿ ಆಗಲ್ವೇನ್ರಿ ಎಂದು ರೇಗಿದರು. ಆಗಲ್ಲ ಎಂದೆ. ನಿಮ್ಮಂಥವರ ಬರಹದಿಂದ ಸಮಾಜಕ್ಕೆ ಏನೂ ಉಪಯೋಗವಿಲ್ಲ ಎಂದು ಫೋನ್ ಇಟ್ಟರು.

ಆ ಸಂಜೆಯೇ ಹಿಂದಿನ ಮನೆಯವಳು ಒಂದು ಚೀಟಿ ತಂದುಕೊಟ್ಟಳು. ಅವರ ಲೈನಿನ ಹೆಂಗಸರೆಲ್ಲ ಕೂತು ಬರೆದದ್ದು. ಮೂಲೆಯಲ್ಲಿ ಫ್ಯಾನ್ ಇಲ್ಲ, ಸ್ಟೂಲಿಗೆ ಬೆನ್ನು ಒರಗಿಸಲು ಏನೂ ಇಲ್ಲ. ಒಂಬತ್ತನೇ ಡ್ರಾಫ್ಟಿನಲ್ಲಿ ಫ್ಯಾನು ಬರೆದು ಕಳಿಸಿದೆ. ಮೂರೇ ದಿನಕ್ಕೆ ಫ್ಯಾನು ಬಂತು. ಸಾಹೇಬರು ಈಗ ಬಾಗಿಲಿಗೆ ಫೈಲು ಒತ್ತುಕೊಟ್ಟು, ಕರವಸ್ತ್ರದಲ್ಲಿ ಗಾಳಿ ಹಾಕಿಕೊಳ್ಳುತ್ತಾ ಕೂತಿರುತ್ತಾರಂತೆ.

ಹತ್ತನೇ ಡ್ರಾಫ್ಟಿನಲ್ಲಿ ಕುರ್ಚಿಯ ವಿಷಯ ಬರೆಯೋಣ ಅಂತಿದ್ದೇನೆ.