ಟ್ರಂಕಿನೊಳಗಿನ ಜರಿ

ಇನ್ನು ಮುಂದೆ ನಮ್ಮ ಮನೆಯಲ್ಲಿ ಯಾವ ಹುಳವೂ ತನ್ನ ಹೆಸರು ಹೇಳದೆ ಗೋಡೆ ದಾಟಕೂಡದು! ಹೀಗೆಂದು ನಾನು ಘೋಷಿಸಿದ್ದು ಫೋನಿಗೆ ಹುಳ ಗುರುತಿಸುವ ಆ್ಯಪ್ ಹಾಕಿಕೊಂಡ ದಿನ. ಫೋಟೋ ತೆಗೆದರೆ ಸಾಕು, ಅದು ಹುಳದ ಹೆಸರು, ಕುಲ, ಗೋತ್ರವೆಲ್ಲ ಹೇಳಿ, ಅಪಾಯವೋ ಅಲ್ಲವೋ ಎಂದು ತೀರ್ಪನ್ನೂ ಕೊಡುತ್ತಿತ್ತು. ಬಳ್ಳಾರಿಯಲ್ಲಿ ಗಾದಿ, ದಿಂಬು ಮಾರುವ ನಾನು ನೋಡನೋಡುತ್ತ ಕೀಟತಜ್ಞನಾದೆ. ಬಚ್ಚಲಲ್ಲಿ ಚೋರಟೆ ಹುಳ ಕಂಡರೆ ನಾನು ಫೋನು ಎತ್ತುತ್ತಿದ್ದೆ, ಹೆಂಡತಿ ಜಾಸ್ಮಿನ್ ಚಪ್ಪಲಿ ಎತ್ತುತ್ತಿದ್ದಳು. ನನ್ನ ಫೋನು ಯೋಚಿಸುವಷ್ಟರಲ್ಲಿ ಅವಳ ಚಪ್ಪಲಿ ತೀರ್ಪು ಕೊಟ್ಟಿರುತ್ತಿತ್ತು.

ಹೀಗಿರುವಾಗ ಭಾಮೈದ ಸಲಾವುದ್ದೀನನ ನಿಕಾಹ್ ಬಂತು. ಜಾಸ್ಮಿನ್ ಮೊದಲೇ ಸಿರುಗುಪ್ಪದ ತವರಿಗೆ ಹೋದಳು. ನಾನು ಮದುವೆಯ ಬೆಳಿಗ್ಗೆ ಹೊರಡುವವನಿದ್ದೆ. ಅಂದು ಹೊರಡುವಷ್ಟರಲ್ಲಿ ಅವಳ ಫೋನು ಬಂತು. ಹಿಂದೆ ಶಾಮಿಯಾನದವರ ಗದ್ದಲ.

“ರೀ, ಟ್ರಂಕಿನ್ಯಾಗ ಜರಿ ಸೀರೈತಿ. ಜ್ವಾಪಾನ ಹೊರಗ ತೆಗೀರಿ.”

ನಮ್ಮ ಕಡೆ ಸೀರೆ ಬಾಯಿಗೆ ಬಂದರೆ ಸೀರಿ, ಸೀರೆ ಇದೆ ಎಂಬುದು ಸೀರೈತಿ. ‘ಸೀರೈತಿ’ ಎಂದದ್ದು ಗದ್ದಲದಲ್ಲಿ ನನ್ನ ಕಿವಿಗೆ ‘ಸೇರೈತಿ’ ಎಂದು ಬಿತ್ತು. ಟ್ರಂಕಿನಲ್ಲಿ ಜರಿ ಸೇರಿದೆ! ಆ ನೂರು ಕಾಲಿನ ಪೀಡೆ! ಅಂತೂ ನನ್ನ ವಿದ್ಯೆಗೆ ಮನೆಯಲ್ಲಿ ಬೆಲೆ ಬಂತೆಂದು ಎದೆ ಉಬ್ಬಿತು.

ಆದರೆ ತಜ್ಞನಿಗೂ ಹೆದರಿಕೆ ಇರುತ್ತದೆ. ಟ್ರಂಕನ್ನು ಕೋಲಿನಿಂದ ಅಂಗಳಕ್ಕೆ ತಳ್ಳಿ, ಮುಚ್ಚಳ ತುಸುವೇ ಎತ್ತಿ, ಕುದಿಯುವ ನೀರಿಗೆ ಫಿನಾಯಿಲ್ ಬೆರೆಸಿ ಕಣ್ಣು ಮುಚ್ಚಿ ಸುರಿದೆ. ಆಮೇಲೆ ಕೋಲಾಡಿಸಿದರೆ ತುದಿಗೆ ತೆಳ್ಳಗೆ, ಬಂಗಾರದ ಬಣ್ಣದ್ದೊಂದು ಸಿಕ್ಕಿಕೊಂಡು ಬಂತು. ಎರಡೂ ಬದಿಗೆ ಸಣ್ಣ ಸಣ್ಣ ಕಾಲು. ಫೋಟೋ ತೆಗೆದೆ. ಆ್ಯಪ್ ತಡಮಾಡದೆ ಹೇಳಿತು: ಶತಪದಿ, ಅಪಾಯಕಾರಿ.

ಜರಿ ಸತ್ತಿದೆ, ಎಲ್ಲರೂ ನಿಶ್ಚಿಂತೆಯಿಂದಿರಿ ಎಂದು ಬರೆದು, ಫೋಟೋ ಸಮೇತ ಅತ್ತೆ ಮನೆಯವರ ಗ್ರೂಪಿಗೆ ಹಾಕಿದೆ. ಕೂಡಲೇ ಜಾಸ್ಮಿನ್ ಫೋನು ಮಾಡಿದಳು.

“ಅದು ನಮ್ಮಮ್ಮನ ಮದಿವಿ ಸೀರೀದು ಜರಿ. ಇವತ್ತ ನಾ ಉಡಾಕ ಇಟ್ಟಿದ್ದೆ.”

ಮುಚ್ಚಳ ಪೂರಾ ತೆಗೆದೆ. ಕೆಂಪು ಮೊಳಕಾಲ್ಮೂರು ರೇಷ್ಮೆ ಸೀರೆ, ಜರಿ ಅಂಚು ಎಳೆ ಎಳೆಯಾಗಿ ಕಿತ್ತು, ಅರ್ಧ ಬಣ್ಣ ಬಿಟ್ಟು, ಮುದುಡಿ, ಆಸ್ಪತ್ರೆಯ ವಾಸನೆ ಹೊಡೆಯುತ್ತ ಕೂತಿತ್ತು. ನಿಜಕ್ಕೂ ಅಳು ಬಂತು.

ಸಿರುಗುಪ್ಪದಲ್ಲಿ ಆ ಒದ್ದೆ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಬಿರಿಯಾನಿ ಬೇಯುವ ದೊಡ್ಡ ಡೇಗಿನ ಹಿಂದೆ ಅವಿತುಕೊಂಡೆ. ಅತ್ತೆ ಇಮಾಂಬೀ ಅಲ್ಲಿಗೂ ಬಂದರು, ಹಿಂದೆಯೇ ಮಾಸಲು ವಾಯಿಲ್ ಸೀರೆಯಲ್ಲಿ ಜಾಸ್ಮಿನ್. ಬೈಯುತ್ತಾರೆಂದು ತಲೆ ತಗ್ಗಿಸಿದೆ. ಅತ್ತೆ ಬೈಯಲಿಲ್ಲ. ಹುಳ ಹಿಡಿಯುವ ಆ ಫೋನು ಕೊಡು ಎಂದು ಇಸಿದುಕೊಂಡು, ನನ್ನ ಮುಖಕ್ಕೇ ಹಿಡಿದು ಫೋಟೋ ಹೊಡೆದು, ಏನಂತೈತಿ ಓದು ಎಂದು ಮಗಳ ಕೈಗಿಟ್ಟರು.

ಗುರುತು ಸಿಗಲಿಲ್ಲ, ಅಪಾಯವಿಲ್ಲ, ಮನೆಯಲ್ಲಿ ಇರಲು ಬಿಡಬಹುದು ಎಂದು ಜಾಸ್ಮಿನ್ ಓದಿದಳು.

ಅತ್ತೆ ಒದ್ದೆ ಗಂಟನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು.

“ಜರಿ ಅಪಾಯ ಅಂತು, ಅಳಿಯ ಅಪಾಯ ಇಲ್ಲ ಅಂತು. ಈ ಫೋನಿಗೆ ಕಣ್ಣ ಕಾಣ್ಸಂಗಿಲ್ಲ.”